ಗೇಮಿಂಗ್ ಬಳಗಕ್ಕೆ ಯಾವ ಆ್ಯಪ್ ಸೂಕ್ತ? ವಾಟ್ಸ್‌ಆ್ಯಪ್ ಗ್ರೂಪ್‌ನಿಂದ ಬೇರೆಡೆಗೆ ಹೋಗುವ ಯೋಚನೆಯಲ್ಲಿದ್ದೇವೆ

ಹೇಮಾವತಿ_ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನ, ಆಲೂರು, ಸಕಲೇಶಪುರ ಹಾಗೂ ಚಿಕ್ಕಮಗಳೂರು ಕಡೆಯ ಸುಮಾರು 180 ಮಂದಿ ಇರುವ ಒಂದು ಗೇಮಿಂಗ್ ಬಳಗವನ್ನು ನಾನು ಮತ್ತು ನನ್ನ ಇಬ್ಬರು ಗೆಳೆಯರು ನೋಡಿಕೊಳ್ಳುತ್ತಿದ್ದೇವೆ. ಬಹುಪಾಲು ಸದಸ್ಯರು ಫೋನಿನಲ್ಲಿ ಬಿಜಿಎಂಐ (ಪಬ್‌ಜಿ ಮೊಬೈಲ್ ಆಟದ ಭಾರತೀಯ ರೂಪ) ಆಡುವವರು. ಇಪ್ಪತ್ತು ಮಂದಿಯಷ್ಟು ಕಂಪ್ಯೂಟರಿನಲ್ಲಿ ವ್ಯಾಲರಂಟ್ ಆಡುತ್ತಾರೆ. ವಾರಕ್ಕೆ ಮೂರು ರಾತ್ರಿ ಕಸ್ಟಮ್ ರೂಮ್ (ಐಡಿ, ಪಾಸ್‌ವರ್ಡ್ ಇದ್ದವರಷ್ಟೇ ಸೇರಬಹುದಾದ ಆಟದ ಕೋಣೆ) ತೆರೆದು 16 ತಂಡಗಳ ಸ್ಕ್ರಿಮ್ಸ್, ಎಂದರೆ ಅಭ್ಯಾಸ ಪಂದ್ಯ, ನಡೆಸುತ್ತೇವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅರ್ಧ ತಂಡಗಳು ಸಿಗುವುದಿಲ್ಲ. ಮಳೆಗಾಲದಲ್ಲಿ ಎಲ್ಲರೂ ಸಿಗುತ್ತಾರೆ, ಆದರೆ ಕರೆಂಟು ಸಿಗುವುದಿಲ್ಲ.

ನಮ್ಮ ಬಳಗ ಇಷ್ಟು ವರ್ಷ ಉಳಿದು ಬಂದದ್ದೇ ಒಂದು ವಾಟ್ಸ್‌ಆ್ಯಪ್ ಗ್ರೂಪ್‌ನ ಬಲದಿಂದ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ ಆಟದೊಳಗಿನ ಗೆಳೆಯರ ಪಟ್ಟಿ ಒಂದೇ ಸಲಕ್ಕೆ ನಮ್ಮ ಕೈತಪ್ಪಿತು. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದನ್ನೂ ಪ್ಲೇ ಸ್ಟೋರ್‌ನಿಂದ ತೆಗೆದರು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಈ ಏರಿಳಿತದಲ್ಲಿ ನಮ್ಮನ್ನು ಒಟ್ಟಿಗೆ ಹಿಡಿದಿಟ್ಟದ್ದು ಆಟವಲ್ಲ, ಆಟದ ಹೊರಗಿನ ಮಾತುಕತೆ. ಆದ್ದರಿಂದ ಈ ಜಾಗವನ್ನು ಬದಲಿಸುವ ನಿರ್ಧಾರವನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಭಯವಿದೆ.

ಆದರೂ ಬದಲಿಸಲೇಬೇಕಾಗಿದೆ. ಎಲ್ಲ ಮಾತೂ ಒಂದೇ ಸಾಲಿನಲ್ಲಿ ಹರಿಯುವುದರಿಂದ ರಾತ್ರಿ ಒಂಬತ್ತಕ್ಕೆ ಹಾಕಿದ ರೂಮ್ ಐಡಿ ಮತ್ತು ಪಾಸ್‌ವರ್ಡ್ ಐದು ನಿಮಿಷದಲ್ಲಿ ಮೀಮ್‌ಗಳ ಕೆಳಗೆ ಹೂತುಹೋಗುತ್ತದೆ. ಆಟದೊಳಗಿನ ಧ್ವನಿ ನಾಲ್ವರ ಸ್ಕ್ವಾಡ್‌ಗಷ್ಟೇ ಸೀಮಿತವಾದ್ದರಿಂದ ಪಂದ್ಯ ಮುಗಿದ ಮೇಲೆ ಎಲ್ಲ ತಂಡಗಳೂ ಕೂಡಿ ಮಾತನಾಡಲು ಜಾಗವಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಳೆದ ವರ್ಷ ನಾನೇ ಸದಸ್ಯರನ್ನು ಹೆಚ್ಚಿಸುವ ಉತ್ಸಾಹದಲ್ಲಿ ಗ್ರೂಪ್‌ನ ಲಿಂಕನ್ನು ಒಂದು ವಿಡಿಯೊದ ಕೆಳಗೆ ಹಾಕಿಬಿಟ್ಟೆ. ಒಳಗೆ ಬಂದ ಯಾರೋ ಒಬ್ಬ ಇಬ್ಬರು ಹುಡುಗಿಯರ ಸಂಖ್ಯೆ ತೆಗೆದುಕೊಂಡು ರಾತ್ರಿಯಿಡೀ ಕರೆ ಮಾಡಿದ. ಅವರಿಬ್ಬರೂ ಬಳಗ ಬಿಟ್ಟರು. ಇದರಲ್ಲಿ ಆ್ಯಪ್‌ನ ತಪ್ಪೇನೂ ಇಲ್ಲ, ತಪ್ಪು ನನ್ನದು. ಆದರೆ ಸಂಖ್ಯೆ ಕಾಣಿಸದ ಜಾಗದಲ್ಲಿ ಇದ್ದಿದ್ದರೆ ನನ್ನ ತಪ್ಪಿಗೆ ಅವರು ಇಷ್ಟು ಬೆಲೆ ತೆರಬೇಕಾಗಿರಲಿಲ್ಲ.

ನಮ್ಮ ಮಿತಿಗಳೂ ಇವೆ: ಅನೇಕರ ಫೋನಿನಲ್ಲಿ 3 ಅಥವಾ 4 ಜಿಬಿ ರ‍್ಯಾಮ್ ಮಾತ್ರ, ಮೂರನೆಯ ಒಂದು ಭಾಗದಷ್ಟು ಸದಸ್ಯರು 18 ತುಂಬದವರು, ಹಣ ಕೊಟ್ಟು ಏನನ್ನೂ ಕೊಳ್ಳುವ ಸ್ಥಿತಿಯಲ್ಲಿ ನಾವಿಲ್ಲ. ಡಿಸ್ಕಾರ್ಡ್, ಟೆಲಿಗ್ರಾಮ್ ಎರಡರ ಹೆಸರೂ ಕೇಳಿಬರುತ್ತಿದೆ. ಇಂಥ ಬಳಗ ನಡೆಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ಕಾಫಿ_ಕಣ (ಚಿಕ್ಕಮಗಳೂರು)

ನಮಸ್ಕಾರ. ನಾವು ಚಿಕ್ಕಮಗಳೂರು, ಕೊಪ್ಪ ಕಡೆಯ ತೊಂಬತ್ತು ಮಂದಿ ಎರಡು ವರ್ಷಗಳಿಂದ ಡಿಸ್ಕಾರ್ಡ್‌ನಲ್ಲಿ ಇದ್ದೇವೆ. ನನ್ನ ಸಲಹೆಯೂ ಅದೇ. 2015ರಲ್ಲಿ ಆಟಗಾರರಿಗಾಗಿಯೇ ಹುಟ್ಟಿದ ಆ್ಯಪ್ ಅದು. ನೀವು ಹೇಳಿದ ತೊಂದರೆಗಳನ್ನು ಮೊದಲೇ ಕಂಡವರು ಕಟ್ಟಿದಂತಿದೆ. ಅಲ್ಲಿ ಸದಸ್ಯರಿಗೆ ಕಾಣುವುದು ಬಳಕೆದಾರರ ಹೆಸರು ಮಾತ್ರ, ಫೋನ್ ಸಂಖ್ಯೆಯಲ್ಲ.

ಧ್ವನಿಯ ವಿಷಯದಲ್ಲಿ ಅದು ಫೋನ್ ಕರೆಗಿಂತ ಹೇಗೆ ಬೇರೆ ಎಂಬುದನ್ನು ಹೇಳಬೇಕು. ಡಿಸ್ಕಾರ್ಡ್‌ನ ಧ್ವನಿ ಚಾನೆಲ್ ಎಂದರೆ ನಮ್ಮ ಹಳ್ಳಿ ಮನೆಯ ಜಗಲಿಯಿದ್ದಂತೆ. ಯಾರೂ ಯಾರಿಗೂ ಕರೆ ಮಾಡಬೇಕಿಲ್ಲ, ಯಾರ ಫೋನೂ ರಿಂಗಾಗುವುದಿಲ್ಲ. ಯಾರು ಕುಳಿತಿದ್ದಾರೆಂದು ಹೊರಗಿನಿಂದಲೇ ಕಾಣುತ್ತದೆ, ಬೇಕಾದವರು ಹೋಗಿ ಕೂರುತ್ತಾರೆ, ಸಾಕಾದಾಗ ಎದ್ದು ಬರುತ್ತಾರೆ. ಪ್ರತಿ ತಂಡಕ್ಕೂ ಒಂದೊಂದು, ಪಂದ್ಯದ ನಂತರ ಎಲ್ಲರೂ ಸೇರಲು ಒಂದು ದೊಡ್ಡದು ಎಂದು ಎಷ್ಟು ಬೇಕೋ ಅಷ್ಟು ಮಾಡಿಕೊಳ್ಳಬಹುದು.

ರೂಮ್ ಐಡಿಯ ಸಮಸ್ಯೆಗೆ ‘ರೋಲ್’ ಬಳಸಿ. 16 ತಂಡಗಳ ನಾಯಕರಿಗೆ ಮಾತ್ರ ‘ಕ್ಯಾಪ್ಟನ್’ ಎಂಬ ರೋಲ್ ಕೊಟ್ಟು, ಆ ರೋಲ್ ಇದ್ದವರಿಗಷ್ಟೇ ಕಾಣುವ ಒಂದು ಚಾನೆಲ್ ತೆರೆದು, ಪಂದ್ಯಕ್ಕೆ ಕಾಲು ಗಂಟೆ ಮೊದಲು ಐಡಿ ಮತ್ತು ಪಾಸ್‌ವರ್ಡನ್ನು ಅಲ್ಲಿ ಹಾಕಿದರೆ ಅದು ಹೂತುಹೋಗುವುದೂ ಇಲ್ಲ, ಹೊರಗಿನವರು ನುಗ್ಗಿ ಸ್ಲಾಟ್ (ತಂಡಕ್ಕೆ ಮೀಸಲಾದ ಜಾಗ) ಹಿಡಿಯುವುದೂ ಇಲ್ಲ. ನಾವು ಮೊದಲ ಎರಡು ತಿಂಗಳು ಇದನ್ನು ಮಾಡದೆ, ಯಾವನೋ ಅಪರಿಚಿತ ರೂಮಿಗೆ ಬಂದು ಸ್ಲಾಟ್ ಹಿಡಿದು ಕೂತದ್ದಕ್ಕೆ ಇಡೀ ಪಂದ್ಯ ರದ್ದು ಮಾಡಿದ್ದೆವು.

ನೆಟ್‌ವರ್ಕ್ ಬಗ್ಗೆ ನಿಮಗೆ ಆತಂಕವಿದ್ದರೆ, ಅದು ಅಷ್ಟು ದೊಡ್ಡದಲ್ಲ. ಧ್ವನಿ ಚಾನೆಲ್‌ನ ಸಾಮಾನ್ಯ ದರ ಸೆಕೆಂಡಿಗೆ 64 ಕಿಲೊಬಿಟ್. ಎಂದರೆ ಒಬ್ಬರು ಒಂದು ಗಂಟೆ ಉಸಿರು ಬಿಡದೆ ಮಾತನಾಡಿದರೂ ಕೇಳುವವರಿಗೆ 29 ಎಂಬಿಯಷ್ಟು ಡೇಟಾ ಖರ್ಚಾಗುತ್ತದೆ. ಮೌನವಿದ್ದಾಗ ಬಹುತೇಕ ಏನೂ ಹೋಗುವುದಿಲ್ಲ. ಸಿಗ್ನಲ್ ಕಡಿಮೆಯಿರುವ ತೋಟದ ಮನೆಗಳ ಹುಡುಗರಿಗಾಗಿ ಚಾನೆಲ್‌ನ ಸೆಟ್ಟಿಂಗ್‌ನಲ್ಲಿ ದರವನ್ನು ಇನ್ನೂ ಇಳಿಸಬಹುದು. ಮಾತು ಅರ್ಥವಾಗುವುದಕ್ಕೆ ಅದು ಧಾರಾಳ. ಅಲ್ಲಿಯೇ ‘ರೀಜನ್’ ಎಂಬುದನ್ನು ನೋಡಿ. ಮಾತು ತಡವಾಗಿ ಕೇಳುತ್ತಿದ್ದರೆ ಇಂಡಿಯಾ ಎಂದು ಆರಿಸಿ.

ಫೋನಿನಲ್ಲಿ ಆಡುವವರಿಗೆ ಒಂದು ಮುಖ್ಯ ಎಚ್ಚರಿಕೆ. ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಮೈಕ್ ತೆರೆದ ಕೂಡಲೇ ಹೆಚ್ಚಿನ ಫೋನ್‌ಗಳು ಹಾಡು ಕೇಳುವ ವಿಧಾನದಿಂದ ಕರೆಯ ವಿಧಾನಕ್ಕೆ ಬದಲಾಗುತ್ತವೆ. ಆಗ ಆಟದ ಸದ್ದು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ, ಹೆಜ್ಜೆಯ ಸಪ್ಪಳ ಎಡಗಡೆಯದೋ ಬಲಗಡೆಯದೋ ತಿಳಿಯುವುದಿಲ್ಲ. ನಮ್ಮ ಹುಡುಗರು ಆ್ಯಪ್ ಸರಿಯಿಲ್ಲ ಎಂದು ತಿಂಗಳುಗಟ್ಟಲೆ ಬೈದರು. ತಂತಿಯ ಇಯರ್‌ಫೋನ್ ಹಾಕಿಸಿದ ಮೇಲೆ ಬಾಯಿ ಮುಚ್ಚಿಕೊಂಡರು. ಜೊತೆಗೆ ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ್ಯಪ್‌ ಅನ್ನು ಹೊರಗಿಡಲು ಹೇಳಿ, ಇಲ್ಲವಾದರೆ ಪಂದ್ಯದ ನಡುವೆ ಧ್ವನಿ ಕಡಿದುಹೋಗುತ್ತದೆ. 3 ಜಿಬಿ ಫೋನಿನಲ್ಲಿ ಆಟ ಮತ್ತು ಡಿಸ್ಕಾರ್ಡ್ ಎರಡನ್ನೂ ಒಟ್ಟಿಗೆ ಓಡಿಸುವುದು ಕಷ್ಟವೇ. ಅವರು ಪಂದ್ಯದಲ್ಲಿ ಆಟದೊಳಗಿನ ಧ್ವನಿಯನ್ನೇ ಬಳಸಿ, ಮುಗಿದ ಮೇಲೆ ಇಲ್ಲಿಗೆ ಬರಲಿ.

ತಂತಿ_ಕೆಲಸ (ಹಾಸನ)

ನೆಟ್‌ವರ್ಕ್ ಕೆಲಸವೇ ನನ್ನ ವೃತ್ತಿಯಾದ್ದರಿಂದ ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕಾಫಿ_ಕಣ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ 180 ಮಂದಿಯನ್ನು ಹೊಸ ಆ್ಯಪ್‌ಗೆ ಕರೆದೊಯ್ಯುತ್ತೇನೆ ಎಂದರೆ ಕೊನೆಗೆ ಅಲ್ಲಿ ಉಳಿಯುವವರು ಎಷ್ಟು ಮಂದಿ ಎಂಬುದನ್ನೂ ಯೋಚಿಸಬೇಕು. ವಾಟ್ಸ್‌ಆ್ಯಪ್ ಎಲ್ಲರ ಫೋನಿನಲ್ಲಿಯೂ ಇದೆ, ಆಂಡ್ರಾಯ್ಡ್‌ನಲ್ಲಿ ಕನ್ನಡದಲ್ಲಿಯೇ ತೆರೆಯುತ್ತದೆ. ಡಿಸ್ಕಾರ್ಡ್‌ನ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇದೆ, ಕನ್ನಡವಿಲ್ಲ. ರೋಲ್, ಚಾನೆಲ್ ಎಂಬ ಹೊಸ ಪದಗಳ ನಡುವೆ ಹುಡುಗರು ಒಂದು ವಾರ ತಡಕಾಡಿ ಹಳೆಯ ಗ್ರೂಪ್‌ಗೇ ಮರಳುತ್ತಾರೆ.

ಟೆಲಿಗ್ರಾಮ್ ಈ ಎರಡರ ನಡುವಿನದು. ಗ್ರೂಪ್‌ನಲ್ಲಿ 2 ಲಕ್ಷ ಸದಸ್ಯರವರೆಗೆ ಇರಬಹುದು, 2 ಜಿಬಿಯವರೆಗಿನ ಕಡತ ಕಳುಹಿಸಬಹುದು. ಡಿಸ್ಕಾರ್ಡ್‌ನಲ್ಲಿ ಹಣ ಕೊಡದವರಿಗೆ ಈ ಮಿತಿ 10 ಎಂಬಿ ಮಾತ್ರ, ಪಂದ್ಯದ ವಿಡಿಯೊ ತುಣುಕು ಹೋಗುವುದೇ ಇಲ್ಲ. 2020ರ ಡಿಸೆಂಬರ್‌ನಿಂದ ಗ್ರೂಪ್‌ನೊಳಗೇ ಧ್ವನಿ ಮಾತುಕತೆಯೂ ಇದೆ. ಆದರೆ ಒಂದು ಗ್ರೂಪ್‌ಗೆ ಒಂದೇ ಧ್ವನಿ ಕೋಣೆ. 16 ತಂಡಗಳಿಗೆ ಬೇರೆ ಬೇರೆ ಕೋಣೆ ಬೇಕಾದ ನಿಮಗೆ ಅದು ಸಾಲದು. ಸಂಖ್ಯೆ ಯಾರಿಗೂ ಕಾಣಬಾರದು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಸೆಟ್ಟಿಂಗ್‌ನಲ್ಲಿ ತಾವೇ ಖಚಿತಪಡಿಸಿಕೊಳ್ಳಬೇಕು.

ಗುಟ್ಟಿನ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆ ಇದೆ. ವಾಟ್ಸ್‌ಆ್ಯಪ್ ಗ್ರೂಪ್‌ನ ಸಂದೇಶಗಳು 2016ರಿಂದ ಕೊನೆಯಿಂದ ಕೊನೆಯವರೆಗೆ ಗೂಢಲಿಪಿಯಲ್ಲಿ ಹೋಗುತ್ತವೆ. ಟೆಲಿಗ್ರಾಮ್‌ನ ಗ್ರೂಪ್‌ಗಳಲ್ಲಿ ಆ ವ್ಯವಸ್ಥೆ ಇಲ್ಲ, ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ಗಷ್ಟೇ ಇದೆ. ಡಿಸ್ಕಾರ್ಡ್ 2024ರಲ್ಲಿ ಧ್ವನಿ ಮತ್ತು ವಿಡಿಯೊಗೆ ಅದನ್ನು ತರಲಾರಂಭಿಸಿತು, ಬರಹದ ಸಂದೇಶಗಳಿಗೆ ತಂದಿಲ್ಲ. ಎಂದರೆ ನಿಮ್ಮ ಹುಡುಗಿಯರಿಗೆ ಬೇಕಾಗಿದ್ದ ರಕ್ಷಣೆಯೇ ಬೇರೆ, ಈ ಗೂಢಲಿಪಿ ಕೊಡುವ ರಕ್ಷಣೆಯೇ ಬೇರೆ. ಒಂದು ಸಹಸದಸ್ಯರಿಂದ ಕಾಪಾಡುವುದು, ಇನ್ನೊಂದು ಕಂಪನಿಯಿಂದ ಮತ್ತು ದಾರಿಯ ನಡುವೆ ಕದ್ದು ಕೇಳುವವರಿಂದ ಕಾಪಾಡುವುದು. ನಿಮಗೆ ತುರ್ತಾಗಿ ಬೇಕಾದದ್ದು ಮೊದಲನೆಯದು ಎಂದು ನನಗೆ ಕಾಣುತ್ತದೆ.

ಯಾರಾದರೂ ಎಲಿಮೆಂಟ್ ಹಾಕಿಕೊಳ್ಳಿ ಎಂದಾರು. ಒಳ್ಳೆಯ ಮುಕ್ತ ತಂತ್ರಾಂಶವೇ, ಆದರೆ 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಡೆಹಿಡಿದ 14 ಸಂದೇಶ ಆ್ಯಪ್‌ಗಳಲ್ಲಿ ಅದೂ ಒಂದು. ಆಟವನ್ನು ಒಮ್ಮೆ ಕಳೆದುಕೊಂಡ ಬಳಗ ಮಾತುಕತೆಯ ಜಾಗವನ್ನೂ ಹಾಗೆ ಕಳೆದುಕೊಳ್ಳುವ ಸಾಧ್ಯತೆಗೆ ಹೋಗಬೇಕಾಗಿಲ್ಲ.

ನನಗೆ ವೈಯಕ್ತಿಕವಾಗಿ ಇಷ್ಟವಾದದ್ದು ಮಂಬಲ್. 2005ರಿಂದ ಇರುವ, ಧ್ವನಿಗಷ್ಟೇ ಮೀಸಲಾದ ಉಚಿತ ತಂತ್ರಾಂಶ. ತೀರ ಹಗುರ, ಮಾತು ತಡವಾಗುವುದು ಬಹಳ ಕಡಿಮೆ. ಆದರೆ ಸರ್ವರನ್ನು ನೀವೇ ನಡೆಸಬೇಕು. ಮನೆಯ ಕಂಪ್ಯೂಟರಿನಲ್ಲಿಯೇ ನಡೆಸೋಣ ಎಂದರೆ ನಮ್ಮ ಕಡೆಯ ಹಲವು ಇಂಟರ್‌ನೆಟ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿರುತ್ತಾರೆ, ಹೊರಗಿನವರು ನಿಮ್ಮ ಯಂತ್ರವನ್ನು ನೇರವಾಗಿ ತಲುಪಲಾಗುವುದಿಲ್ಲ. ಅದನ್ನು ದಾಟಿದರೂ ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಇಡೀ ಬಳಗದ ಬಾಯಿ ಬಂದ್. ನಾನು ನನ್ನ ಐದಾರು ಗೆಳೆಯರಿಗೆ ಇದನ್ನು ನಡೆಸಿ, ಒಂದು ಮಳೆಗಾಲ ಕಳೆದ ಮೇಲೆ ಕೈಬಿಟ್ಟೆ.

ಹಾಗಾಗಿ ನನ್ನ ಅಭಿಪ್ರಾಯವೇನೆಂದರೆ, ಎಲ್ಲವನ್ನೂ ಎತ್ತಿಕೊಂಡು ಹೋಗಬೇಡಿ. ಧ್ವನಿ ಮತ್ತು ಪಂದ್ಯದ ಕೆಲಸ ಡಿಸ್ಕಾರ್ಡ್‌ಗೆ ಹೋಗಲಿ. ‘ಇಂದು ಪಂದ್ಯ ಇದೆ’, ‘ಇಂದು ಇಲ್ಲ’ ಎಂಬ ಸುದ್ದಿಗೆ ವಾಟ್ಸ್‌ಆ್ಯಪ್ ಚಾನೆಲ್ ತೆರೆಯಿರಿ. ಅದನ್ನು ಹಿಂಬಾಲಿಸುವವರಿಗೆ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ, ಮಾತು ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಯಾರು ಬೇಕಾದರೂ ಹಿಂಬಾಲಿಸಬಹುದಾದ್ದರಿಂದ ರೂಮ್ ಐಡಿಯನ್ನು ಮಾತ್ರ ಅಲ್ಲಿ ಹಾಕಬೇಡಿ.

ಎತ್ತಿನಭುಜ_ನೆರಳು (ಮೂಡಿಗೆರೆ)

ನಾನು ಆಟಗಾರ್ತಿಯಲ್ಲ, ಪ್ರೌಢಶಾಲೆಯ ಶಿಕ್ಷಕಿ. ಹತ್ತನೆಯ ತರಗತಿಯಲ್ಲಿರುವ ಮಗ ಆಡುತ್ತಾನೆ. ಮೂರನೆಯ ಒಂದು ಭಾಗ 18 ತುಂಬದವರು ಎಂಬ ನಿಮ್ಮ ಮಾತನ್ನು ಓದಿ, ಇಷ್ಟು ಹೊತ್ತಿನ ಚರ್ಚೆಯಲ್ಲಿ ಅದರ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ.

ಡಿಸ್ಕಾರ್ಡ್ ಸೇರಲು ಕಂಪನಿ ಕೇಳುವ ಕನಿಷ್ಠ ವಯಸ್ಸು 13. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಈ ಎರಡು ಸಂಖ್ಯೆಗಳ ನಡುವೆ ನಿಮ್ಮ ಬಳಗದ ಅರುವತ್ತು ಮಕ್ಕಳು ನಿಂತಿದ್ದಾರೆ. ಸಂಖ್ಯೆ ಮುಚ್ಚಿಟ್ಟ ಮಾತ್ರಕ್ಕೆ ಅವರು ಸುರಕ್ಷಿತರೆಂದು ತಿಳಿಯಬೇಡಿ. ಫೋನ್ ಸಂಖ್ಯೆ ಕಾಣದಿದ್ದರೂ ಡಿಸ್ಕಾರ್ಡ್‌ನಲ್ಲಿ ಅದೇ ಸರ್ವರಿನ (ಅಲ್ಲಿ ಒಂದು ಬಳಗದ ಜಾಗಕ್ಕೆ ಹೀಗೆನ್ನುತ್ತಾರೆ) ಅಪರಿಚಿತರು ನೇರ ಸಂದೇಶ ಕಳುಹಿಸಬಹುದು. ಸರ್ವರಿನ ಸದಸ್ಯರಿಂದ ನೇರ ಸಂದೇಶ ಬೇಡ ಎಂಬ ಸೆಟ್ಟಿಂಗ್ ಇದೆ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಅದನ್ನು ಬದಲಿಸಬೇಕಾದ್ದರಿಂದ, ಸೇರಿದ ದಿನವೇ ಅದನ್ನು ಮಾಡಿಸುವ ಪದ್ಧತಿ ಇಡಿ. 2023ರಲ್ಲಿ ಬಂದ ‘ಫ್ಯಾಮಿಲಿ ಸೆಂಟರ್’ ಮೂಲಕ ಮಗ ಯಾರೊಂದಿಗೆ ಮಾತನಾಡಿದ, ಯಾವ ಸರ್ವರ್ ಸೇರಿದ ಎಂಬುದು ನನಗೆ ತಿಳಿಯುತ್ತದೆ, ಏನು ಮಾತನಾಡಿದ ಎಂಬುದು ತಿಳಿಯುವುದಿಲ್ಲ. ಅಷ್ಟು ಸಾಕು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ.

ಬೈಗುಳದ ವಿಷಯ. ಕೆಟ್ಟ ಪದಗಳನ್ನು ತಾನೇ ತಡೆಯುವ ‘ಆಟೊಮಾಡ್’ ಎಂಬ ಸೌಲಭ್ಯ ಡಿಸ್ಕಾರ್ಡ್‌ನಲ್ಲಿದೆ. ಆದರೆ ಅದಕ್ಕೆ ಹಾಸನದ ಬೈಗುಳ ಗೊತ್ತಿಲ್ಲ! ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಗರು ಬರೆಯುವ ನಾಲ್ಕಾರು ರೀತಿಗಳಲ್ಲಿ ಇನ್ನೊಮ್ಮೆ, ಎಲ್ಲವನ್ನೂ ನೀವೇ ಪಟ್ಟಿಗೆ ಸೇರಿಸಬೇಕು. ಈ ಪಟ್ಟಿ ತಯಾರಿಸುವ ಕೆಲಸವನ್ನು ದಯವಿಟ್ಟು ನನಗೆ ಒಪ್ಪಿಸಬೇಡಿ. ಇನ್ನು ಧ್ವನಿ ಚಾನೆಲ್‌ನ ಮಾತು ಬರಹದಂತೆ ಉಳಿಯುವುದಿಲ್ಲ, ಮರುದಿನ ದೂರು ಬಂದರೆ ತೋರಿಸಲು ಏನೂ ಇರುವುದಿಲ್ಲ. ಆದ್ದರಿಂದ ಮಕ್ಕಳಿರುವ ಪಂದ್ಯದ ರಾತ್ರಿಗಳಲ್ಲಿ ದೊಡ್ಡ ಕೋಣೆಯಲ್ಲಿ ಜವಾಬ್ದಾರಿಯುಳ್ಳ ವಯಸ್ಕರೊಬ್ಬರು ಇರಲೇಬೇಕು, ಹತ್ತೂವರೆಯ ನಂತರ ಮಕ್ಕಳ ರೋಲ್‌ಗೆ ಆ ಕೋಣೆ ಮುಚ್ಚಿರಬೇಕು.

ಕೊನೆಯದಾಗಿ, ಹುಡುಗರು ಐವತ್ತು ರೂಪಾಯಿ ಪ್ರವೇಶ ಶುಲ್ಕ ಹಾಕಿ ಗೆದ್ದವರಿಗೆ ಹಂಚುವ ಪಂದ್ಯಗಳ ಜಾಹೀರಾತನ್ನು ಇಂಥ ಗ್ರೂಪ್‌ಗಳಲ್ಲಿ ಹಾಕುವುದನ್ನು ನೋಡಿದ್ದೇನೆ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿದೆ. ಅಂಥದ್ದನ್ನು ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿಯವರೆಗೆ ದಂಡ ಎಂದಿದೆ. ಇ-ಸ್ಪೋರ್ಟ್ಸ್‌ಗೆ ಬೇರೆ ಮಾನ್ಯತೆಯ ದಾರಿ ಇದೆಯಾದರೂ ನೋಂದಣಿಯಿಲ್ಲದ ಹುಡುಗರ ಗುಂಪು ಅದರ ನೆರಳಿನಲ್ಲಿ ನಿಲ್ಲಬಹುದೆಂದು ನಂಬಿ ಕೂರಬೇಡಿ. ಯಾವ ಆ್ಯಪ್‌ಗೆ ಹೋದರೂ ಮೊದಲ ನಿಯಮ ಇದಾಗಿರಲಿ.

ಹೇಮಾವತಿ_ದಡ (ಹಾಸನ)

ಮೂವರಿಗೂ ಧನ್ಯವಾದಗಳು. ಮೇಡಂ, ಪ್ರವೇಶ ಶುಲ್ಕದ ಮಾತು ನಮ್ಮಲ್ಲಿಯೂ ಎರಡು ಸಲ ಬಂದಿತ್ತು, ಅದನ್ನು ಇಂದೇ ನಿಲ್ಲಿಸುತ್ತೇನೆ. ತಂತಿ_ಕೆಲಸ ಅವರು ಹೇಳಿದಂತೆ ಧ್ವನಿಗೂ ಪಂದ್ಯಕ್ಕೂ ಡಿಸ್ಕಾರ್ಡ್, ಸುದ್ದಿಗೆ ವಾಟ್ಸ್‌ಆ್ಯಪ್ ಚಾನೆಲ್ ಎಂದು ನಾನೂ ನನ್ನ ಗೆಳೆಯರಿಬ್ಬರೂ ಕೂತು ಒಪ್ಪಿಕೊಂಡೆವು. ಒಂದು ಅನುಮಾನ ಉಳಿದಿದೆ. ಈಗಿನ ಗ್ರೂಪ್‌ನಲ್ಲಿ ನಾವು ಮೂವರೂ ಅಡ್ಮಿನ್‌ಗಳು, ಒಬ್ಬರ ಫೋನ್ ಹೋದರೂ ಇನ್ನಿಬ್ಬರು ಇರುತ್ತೇವೆ. ಡಿಸ್ಕಾರ್ಡ್‌ನಲ್ಲಿ ಸರ್ವರಿಗೆ ಒಬ್ಬನೇ ಒಡೆಯ ಎಂದು ಕೇಳಿದೆ. ಅವನ ಖಾತೆ ಕಳ್ಳರ ಕೈಗೆ ಸಿಕ್ಕರೆ ಗತಿಯೇನು?

ಕಾಫಿ_ಕಣ (ಚಿಕ್ಕಮಗಳೂರು)

ಹೌದು, ಒಡೆತನ ಒಬ್ಬರದೇ. ಬೇರೆಯವರಿಗೆ ಅದನ್ನು ವರ್ಗಾಯಿಸಬಹುದು, ಹಂಚಿಕೊಳ್ಳಲಾಗದು. ನಮ್ಮಲ್ಲಿ ಒಡೆಯನ ಖಾತೆಯನ್ನು ದಿನನಿತ್ಯದ ಆಟಕ್ಕೆ ಯಾರೂ ಬಳಸುವುದಿಲ್ಲ. ಅದು ಬೇರೆಯದೇ ಇಮೇಲ್‌ನಿಂದ ತೆರೆದ ಖಾತೆ, ಎರಡು ಹಂತದ ಪರಿಶೀಲನೆ ಹಾಕಿದ್ದೇವೆ, ದಿನದ ಕೆಲಸವೆಲ್ಲ ಅಡ್ಮಿನ್ ರೋಲ್ ಇರುವ ನಮ್ಮ ಸ್ವಂತ ಖಾತೆಗಳಿಂದ ನಡೆಯುತ್ತದೆ. ಖಾತೆಗಳು ಹೋಗುವುದು ಹೆಚ್ಚಾಗಿ ‘ಉಚಿತ ನೈಟ್ರೊ’ (ನೈಟ್ರೊ ಎಂದರೆ ಡಿಸ್ಕಾರ್ಡ್‌ನಲ್ಲಿ ಹಣ ಕೊಟ್ಟು ಪಡೆಯುವ ಚಂದಾ) ಎಂಬ ಸುಳ್ಳು ಲಿಂಕ್‌ನಿಂದ ಅಥವಾ ಯಾರೋ ಕಳುಹಿಸಿದ ಕ್ಯೂಆರ್ ಕೋಡನ್ನು ಡಿಸ್ಕಾರ್ಡ್ ಆ್ಯಪ್‌ನಿಂದ ಸ್ಕ್ಯಾನ್ ಮಾಡುವುದರಿಂದ. ಆ ಕೋಡ್ ಒಪ್ಪಿಕೊಂಡರೆ ಪಾಸ್‌ವರ್ಡ್ ಕೇಳದೆಯೇ ಕಳ್ಳನ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದುಕೊಳ್ಳುತ್ತದೆ. ಇದನ್ನು ಹುಡುಗರಿಗೆ ಸೇರಿದ ದಿನವೇ ಹೇಳಿ. ಸರ್ವರಿನ ಪರಿಶೀಲನೆಯ ಮಟ್ಟವನ್ನೂ ಏರಿಸಿ; ಸೇರಿ ಹತ್ತು ನಿಮಿಷ ಕಳೆಯುವವರೆಗೆ ಮಾತನಾಡಲಾಗದು ಎಂಬ ಮಟ್ಟ ಇಟ್ಟರೆ ನುಗ್ಗಿ ಕಸ ಸುರಿದು ಓಡುವವರು ಬಹಳ ಕಡಿಮೆಯಾಗುತ್ತಾರೆ.

ತಂತಿ_ಕೆಲಸ (ಹಾಸನ)

ಇದಕ್ಕೊಂದು ಸೇರಿಸುತ್ತೇನೆ. ವಯಸ್ಸು ತೋರಿಸಲೆಂದು ಗುರುತಿನ ಚೀಟಿಯ ಚಿತ್ರವನ್ನು ಕಳುಹಿಸುವಂತೆ ನೀವು ಸದಸ್ಯರನ್ನು ಕೇಳಬೇಡಿ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್‌ಗಾಗಿ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಸಂಸ್ಥೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಚಿತ್ರಗಳು ಸೋರಿಹೋದವೆಂದು ಕಂಪನಿಯೇ ತಿಳಿಸಿತು. ಅವರಿಗೇ ಕಾಪಾಡಲು ಆಗದ್ದು ನಿಮ್ಮ ಫೋನಿನ ಗ್ಯಾಲರಿಯಲ್ಲಿ ಇರಬಾರದು. ವಯಸ್ಸು ತಿಳಿಯಬೇಕೆಂದರೆ ಮನೆಯವರೊಂದಿಗೆ ಒಮ್ಮೆ ಮಾತನಾಡಿ. ನಮ್ಮ ಊರುಗಳಲ್ಲಿ ಅದು ಕಷ್ಟದ ಕೆಲಸವಲ್ಲ.

ಹೇಮಾವತಿ_ದಡ (ಹಾಸನ)

ಹಾಗೆಯೇ ಮಾಡುತ್ತೇವೆ. ಮುಂದಿನ ವಾರ 4 ತಂಡಗಳನ್ನು ಮಾತ್ರ ಕರೆದುಕೊಂಡು ಹೋಗಿ ಒಂದು ಸ್ಕ್ರಿಮ್ಸ್ ನಡೆಸುತ್ತೇವೆ. ಎಲ್ಲ ಸರಿಹೋದರೆ ತಿಂಗಳ ಕೊನೆಗೆ ಉಳಿದ 12 ತಂಡಗಳನ್ನು ಸೇರಿಸಿ, ಹಳೆಯ ಗ್ರೂಪ್‌ನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿ, ಆನಂತರ ಮುಚ್ಚುತ್ತೇವೆ. ಬಿಟ್ಟುಹೋದ ಇಬ್ಬರು ಹುಡುಗಿಯರಲ್ಲಿ ಒಬ್ಬರನ್ನು ನನ್ನ ತಂಗಿ ಮಾತನಾಡಿಸಿದ್ದಾಳೆ. ಸಂಖ್ಯೆ ಕಾಣುವುದಿಲ್ಲವೆಂದಾದರೆ ಬರುವ ಬಗ್ಗೆ ಯೋಚಿಸುತ್ತೇನೆ ಎಂದಿದ್ದಾರಂತೆ. ಒಡೆಯನ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಒಂದು ಪ್ರತಿಯನ್ನು ನಮ್ಮ ಮನೆಯ ಬೀರುವಿನಲ್ಲಿ, ಇನ್ನೊಂದನ್ನು ಸಕಲೇಶಪುರದ ಗೆಳೆಯನ ಮನೆಯಲ್ಲಿ ಇಡುತ್ತಿದ್ದೇವೆ. ಅವನ ಮನೆಯ ಮಾಡು ಮಳೆಗೆ ಸೋರುತ್ತದೆ, ಹಾಗಾಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟಿದ್ದೇನೆ.